ಶ್ರೀಶೈಲಕ್ಕೆ ರೇಡಿಯೋ ಕಟ್ಟಿಕೊಂಡು ಹೋದದ್ದು

ಯುಗಾದಿ ಹತ್ತಿರ ಬಂತೆಂದರೆ ಹೈದರಾಬಾದಿನಲ್ಲಿ ನೆಲಸಿರುವ ನಮ್ಮಂಥ ಉತ್ತರ ಕರ್ನಾಟಕದವರ ಮನೆಗಳಲ್ಲಿ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: "ಈ ಸಲ ಮಲ್ಲಯ್ಯನ ಕಡೆ ಯಾರ್ಯಾರು ಹೊಂಟಾರ?" ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳಿಂದ ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು ಕೂಡ, ಜನ ಶ್ರೀಶೈಲಕ್ಕೆ ನಡೆದು ಹೋಗುವುದು ಇಂದಿಗೂ ನಿಂತಿಲ್ಲ. ಜಮಖಂಡಿಯ ಕಡೆಯ ನಮ್ಮ ಕಾಕಾ ಮೂವತ್ತು ವರ್ಷ ತಪ್ಪದೆ ನಡೆದವರು. ವಯಸ್ಸು ಎಪ್ಪತ್ತನಾಲ್ಕು. 2023ರ ದೀಪಾವಳಿಯ ಹೊತ್ತಿಗೆ ಹೃದಯದ ತೊಂದರೆಯಾಗಿ ಸ್ಟೆಂಟ್ ಹಾಕಿಸಬೇಕಾಯಿತು. ವೈದ್ಯರು "ದಿನಾ ಸ್ವಲ್ಪ ನಡೆಯಿರಿ" ಎಂದದ್ದನ್ನು ಕಾಕಾ "ಶ್ರೀಶೈಲಕ್ಕೆ ನಡೆಯಿರಿ" ಎಂದು ಅರ್ಥ ಮಾಡಿಕೊಂಡರು.

ಮನೆಯಲ್ಲಿ ದೊಡ್ಡ ವಾದವೇ ನಡೆಯಿತು. "ಮಲ್ಲಯ್ಯ ಕರದಾನ, ನಾ ಹೊಕ್ಕೀನಿ. ನೀವು ಯಾರ್ರೀ ತಡಿಯೋರು?" ಎಂಬುದು ಅವರ ಒಂದೇ ಮಾತು. ಕೊನೆಗೊಂದು ರಾಜಿಯಾಯಿತು. ಆತ್ಮಕೂರಿನವರೆಗೆ ಬಸ್ಸು, ಅಲ್ಲಿಂದ ಮುಂದೆ ನಲ್ಲಮಲದ ಅಡವಿಯ ದಾರಿ ಮಾತ್ರ ನಡಿಗೆ. ನಮ್ಮ ತಮ್ಮನ ಮಗ ಜೊತೆಗೆ ನಡೆಯಬೇಕು. ನಾವು ಹೈದರಾಬಾದಿನಿಂದ ಜೀಪಿನಲ್ಲಿ ಹೋಗಿ ಶ್ರೀಶೈಲದಲ್ಲಿ ಕಾದಿರಬೇಕು.

ಇಷ್ಟಕ್ಕೇ ಚಿಂತೆ ತೀರಲಿಲ್ಲ. ಆ ಅಡವಿಯಲ್ಲಿ ಮೊಬೈಲು ಫೋನನ್ನು ನಂಬುವಂತಿಲ್ಲ. ಆದರೆ ನಾವೂ ಆ ಹುಡುಗನೂ ಹವ್ಯಾಸಿ ರೇಡಿಯೋದವರು, ಎಂದರೆ ಜನ 'ಹ್ಯಾಮ್' ಎನ್ನುವ ಪಂಗಡದವರು. ಕೇಂದ್ರ ಸರ್ಕಾರದ ಪರೀಕ್ಷೆ ಕೊಟ್ಟು ಪರವಾನಗಿಯನ್ನೂ 'ವಿಯು' ಎಂದು ಆರಂಭವಾಗುವ ಕರೆಹೆಸರನ್ನೂ ಪಡೆದವರು. ಹೈದರಾಬಾದಿನವರಿಗೆ ಈ ಹವ್ಯಾಸ ಹೊಸದಲ್ಲ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ 1983ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಅದೇ ಸಂಸ್ಥೆಯ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರಿನಲ್ಲಿ ರೇಡಿಯೋ ಕೇಂದ್ರ ನಡೆಸುತ್ತಿದ್ದರು. ದೂರವಾಣಿಗಳು ಕೈಕೊಟ್ಟ ಆ ದಿನಗಳಲ್ಲಿ ಅಂಡಮಾನಿನ ಸುದ್ದಿಯನ್ನು ಅವರ ತಂಡ ಹೊರಗೆ ಮುಟ್ಟಿಸಿತು. ಅಂಥ ಸೇವೆಯ ಮುಂದೆ ನಮ್ಮ ಕೆಲಸ ಎಷ್ಟರದು! ಒಬ್ಬ ಹಟಮಾರಿ ಕಾಕಾನ ಯೋಗಕ್ಷೇಮ ತಿಳಿದರೆ ಸಾಕಾಗಿತ್ತು.

ಹುಡುಗನ ಬಳಿ 5 ವಾಟಿನ ಕೈಸೆಟ್ಟಿತ್ತು. ಜೀಪಿಗೆ 25 ವಾಟಿನದೊಂದನ್ನು ಕೂಡಿಸಬೇಕು. ಊರಿನ ಒಂದು ಮೋಟಾರು ಅಂಗಡಿಯಲ್ಲಿ "ಅರ್ಧ ಗಂಟೆಯ ಕೆಲಸ ಸಾರ್" ಎಂದರು. ಅರ್ಧ ಗಂಟೆಯಲ್ಲೇ ಮುಗಿಸಿಯೂ ಕೊಟ್ಟರು. ಸಿಗರೇಟು ಹೊತ್ತಿಸುವ ತೂತಿನಿಂದ ವಿದ್ಯುತ್ತು ಎಳೆದು, ಏರಿಯಲನ್ನು ಮೇಲಿನ ಸಾಮಾನು ಕಟ್ಟುವ ಸರಳಿಗೆ ಕಚ್ಚಿಸಿದ್ದರು. ಕೇಳುವಾಗ ಎಲ್ಲವೂ ಚೆನ್ನ. ಮಾತಾಡಲು ಗುಂಡಿ ಒತ್ತಿದೆವೋ ಇಲ್ಲವೋ, ಸೆಟ್ಟು ಕಣ್ಣು ಮುಚ್ಚಿತು.

ಕಾರಣ ಸರಳವಾದುದು. ಕೇಳುವಾಗ ಅರ್ಧ ಆಂಪಿಯರಿನಷ್ಟರಲ್ಲಿ ತೃಪ್ತಿಪಡುವ ಈ ಪೆಟ್ಟಿಗೆ ಮಾತಾಡುವಾಗ ಆರೇಳು ಆಂಪಿಯರ್ ಬೇಡುತ್ತದೆ. ಸಣ್ಣ ತಂತಿಯಲ್ಲಿ ಅಷ್ಟು ಹರಿದರೆ ವೋಲ್ಟು ಕುಸಿಯುತ್ತದೆ. ಆ ಭಾನುವಾರ ನಾವೇ ತೋಳೇರಿಸಿ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆವು. ಕೆಂಪು, ಕಪ್ಪು ಎರಡೂ ದಪ್ಪ ತಂತಿಗಳನ್ನು ನೇರವಾಗಿ ಬ್ಯಾಟರಿಯಿಂದಲೇ ತಂದೆವು. ಬ್ಯಾಟರಿಯ ಬುಡದಲ್ಲಿಯೇ ಫ್ಯೂಸು ಕೂಡಿಸಿದೆವು. ಫ್ಯೂಸು ಸೆಟ್ಟಿನ ಹತ್ತಿರ ಮಾತ್ರವಿದ್ದರೆ ನಡುವೆ ತಂತಿ ತರಚಿ ಕಬ್ಬಿಣಕ್ಕೆ ತಾಗಿದಾಗ ಬೆಂಕಿಯನ್ನು ತಡೆಯುವವರು ಯಾರು? ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡನ್ನು ತಂತಿ ದಾಟುವಲ್ಲಿ ರಬ್ಬರಿನ ಬಳೆ ತೊಡಿಸಿದೆವು. ನಮ್ಮದು ಡೀಸೆಲ್ ಗಾಡಿಯಾದ್ದರಿಂದ ಪ್ಲಗ್ಗಿನ ಚಟಪಟ ಇರಲಿಲ್ಲ. ಆದರೆ ಎಂಜಿನ್ ಜೋರಾದಂತೆ ನಮ್ಮ ಮಾತಿನ ಹಿಂದೆ ಆಲ್ಟರ್ನೇಟರಿನ ಸಣ್ಣ ಕೂಗು ಕೇಳುತ್ತಿತ್ತು. ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಪಟ್ಟಿಯ ತುಕ್ಕು ಕೆರೆದು ಬಿಗಿದ ಮೇಲೆ ಅದೂ ಅಡಗಿತು.

ಇನ್ನು ಏರಿಯಲ್. ನಾವು ಬಳಸುವ 145 ಮೆಗಾಹರ್ಟ್ಸಿನ ಸುತ್ತಿನ ಅಲೆಯ ಉದ್ದ ಎರಡು ಮೀಟರಿಗಿಂತ ತುಸು ಹೆಚ್ಚು. ಅದರ ಕಾಲು ಭಾಗಕ್ಕಿಂತ ತುಸು ಕಡಿಮೆ, ಎಂದರೆ ಸುಮಾರು 49 ಸೆಂಟಿಮೀಟರ್ ಕಡ್ಡಿ ಸಾಕು. ಆದರೆ ಕಡ್ಡಿಯ ಕೆಳಗೆ ಅಗಲವಾದ ಲೋಹದ ಹಾಸು ಬೇಕು. ಗಾಡಿಯ ಮಾಡಿನ ನಟ್ಟನಡುವೆ ನಿಲ್ಲಿಸುವುದೇ ಸರಿ. "ಮಾಡಿಗೆ ತೂತು ಕೊರೆದರೆ ಮಳೆಗಾಲದಾಗ ನೀವ ಛತ್ರಿ ಹಿಡಿದು ಕೂಡ್ರಬೇಕಾಗ್ತದ" ಎಂದು ನಮ್ಮ ಮನೆಯಾಕೆ ಎಚ್ಚರಿಸಿದ್ದರಿಂದ ಅಯಸ್ಕಾಂತದ ಬುಡವುಳ್ಳದ್ದನ್ನು ತಂದೆವು. ಹೋದ ಶಕ್ತಿಯಲ್ಲಿ ಎಷ್ಟು ಮರಳಿ ಬರುತ್ತಿದೆ ಎಂಬುದನ್ನು ತೋರಿಸುವ ಮಾಪಕವೊಂದಿದೆ. ಸರಳಿನ ಮೇಲಿದ್ದಾಗ ಅದು 3 ತೋರಿಸಿತ್ತು. ಮಾಡಿನ ನಡುವಿಗೆ ತಂದು, ಕಡ್ಡಿಯನ್ನು ಎರಡೆರಡೇ ಮಿಲಿಮೀಟರ್ ಕತ್ತರಿಸುತ್ತ ಹೋದಾಗ 1.3ಕ್ಕೆ ಇಳಿಯಿತು. ಇಲ್ಲಿ ಅವಸರ ಸಲ್ಲದು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ.

2024ರ ಯುಗಾದಿ ಏಪ್ರಿಲ್ 9ರಂದು. ನಾವು 7ರ ಭಾನುವಾರ ನಸುಕಿನಲ್ಲಿ ಹೊರಟೆವು. ಕಡ್ತಾಲ್, ಆಮನಗಲ್ಲು, ಡಿಂಡಿ ದಾಟಿ ಮನ್ನನೂರಿನ ಅರಣ್ಯ ತಪಾಸಣೆಯ ಗೇಟು ಸೇರುವ ಹೊತ್ತಿಗೆ ಬೆಳಕಾಗಿತ್ತು. ಹುಲಿಗಳ ರಕ್ಷಿತಾರಣ್ಯವಾದ್ದರಿಂದ ರಾತ್ರಿ ಈ ದಾರಿ ವಾಹನಗಳಿಗೆ ಮುಚ್ಚಿರುತ್ತದೆ. ಏರಿಯಲ್ ಕಂಡು ಕಾವಲುಗಾರರು ಕೇಳಿದರು, ಪರವಾನಗಿ ತೋರಿಸಿದೆವು, ನಕ್ಕು ಬಿಟ್ಟರು. ಮುಂದೆ ಫರಹಾಬಾದ್, ವಟವರ್ಲಪಲ್ಲಿ, ದೋಮಲಪೆಂಟ. ಬೇಸಗೆಗೆ ಎಲೆ ಉದುರಿಸಿ ನಿಂತ ಕಾಡು. ರಸ್ತೆಗೇ ಬಂದು ಕೂತ ಕೋತಿಗಳ ಸಂಸಾರ. ಈಗಲಪೆಂಟದ ಆಚೆ ರಸ್ತೆ ಸುತ್ತಿ ಸುತ್ತಿ ಕೃಷ್ಣೆಯ ಕಮರಿಗೆ ಇಳಿಯುತ್ತದೆ. 512 ಮೀಟರ್ ಉದ್ದ, 145 ಮೀಟರ್ ಎತ್ತರದ ಅಣೆಕಟ್ಟು ಹನ್ನೆರಡು ಬಾಗಿಲುಗಳನ್ನೂ ಮುಚ್ಚಿಕೊಂಡು ನಿಂತಿತ್ತು. ನಮ್ಮೂರ ಕೃಷ್ಣೆಯೇ ಇಲ್ಲಿ ಪಾತಾಳಗಂಗೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣವನ್ನು ಬಿಟ್ಟು ಅರಸಿಕೊಂಡು ಬಂದದ್ದು ಈ ಬೆಟ್ಟವನ್ನೇ. ದಾರಿ ಯಾವುದಿದ್ದಿತೋ, ಜೊತೆ ಯಾರಿದ್ದರೋ! ನಮಗೋ ಒಂದು ದಿನ ಸುದ್ದಿ ಬರದಿದ್ದರೆ ಇಷ್ಟು ಕಳವಳ.

ಹುಡುಗನೊಂದಿಗೆ ಒಂದು ಕರಾರು ಮಾಡಿಕೊಂಡಿದ್ದೆವು. ಪ್ರತಿ ಗಂಟೆಯ ಮೊದಲ ಐದು ನಿಮಿಷ ಮಾತ್ರ ಸೆಟ್ಟು ತೆರೆಯಬೇಕು. ಹಾಗಾದರೆ ಕೈಸೆಟ್ಟಿನ ಬ್ಯಾಟರಿ ಉಳಿಯುತ್ತದೆ. ಶ್ರೀಶೈಲದ ವಸತಿಗೃಹದ ಮುಂದೆ ಜೀಪು ನಿಲ್ಲಿಸಿ ಹತ್ತಕ್ಕೆ ಕರೆದೆವು, ಹನ್ನೊಂದಕ್ಕೆ ಕರೆದೆವು, ಹನ್ನೆರಡಕ್ಕೆ ಕರೆದೆವು. ಉತ್ತರವಿಲ್ಲ. ಅವರು ನಾಗಲೂಟಿಯಲ್ಲಿ ರಾತ್ರಿ ಕಳೆದು ಪೆದ್ದಚೆರುವಿನತ್ತ ನಡೆದಿರಬೇಕಾದ ಹೊತ್ತು. ಬಿಸಿಲು ಕೆಂಡದಂತೆ ಸುರಿಯುತ್ತಿತ್ತು.

ಆಗ ನೆನಪಾಯಿತು. ಈ ಅಲೆಗಳು ಹೆಚ್ಚುಕಡಮೆ ನೇರವಾಗಿ ಹೋಗುವಂಥವು. ನಡುವೆ ಗುಡ್ಡ ಬಂದರೆ ನಿಲ್ಲುತ್ತವೆ. ವಾಟು ಹೆಚ್ಚಿಸಿ ಕೂಗಿದರೆ ನಮ್ಮ ದನಿ ಹೇಗೋ ಅವರನ್ನು ಮುಟ್ಟೀತು. ಅವರ ಐದು ವಾಟಿನ ದನಿ ನಮ್ಮನ್ನು ಮುಟ್ಟುವುದು ಹೇಗೆ? ಬೇಕಾದದ್ದು ಬಲವಲ್ಲ, ಎತ್ತರ. ಶ್ರೀಶೈಲದಲ್ಲಿ ಎತ್ತರವೆಂದರೆ ಶಿಖರೇಶ್ವರ. ಗುಡಿಯಿಂದ ಸುಮಾರು ಎಂಟು ಕಿಲೋಮೀಟರ್. ಅಲ್ಲಿ ನಂದಿಯ ಕೋಡುಗಳ ನಡುವಿನಿಂದ ನೋಡಿ ಮಲ್ಲಿಕಾರ್ಜುನನ ಗುಡಿಯ ಶಿಖರ ಕಂಡರೆ ಮರುಜನ್ಮವಿಲ್ಲವೆಂದು ಜನರ ನಂಬಿಕೆ. ಸಾಕ್ಷಿಗಣಪತಿ, ಹಾಟಕೇಶ್ವರಗಳನ್ನು ದಾಟಿ ಜೀಪನ್ನು ಅಲ್ಲಿಗೆ ಏರಿಸಿದೆವು.

ಒಂದು ಗಂಟೆಗೆ ಸರಿಯಾಗಿ ಗುಂಡಿ ಒತ್ತಿ ಕರೆದೆವು. ಉತ್ತರ ಬರುವ ಮೊದಲೇ ಮತ್ತೆ ಒತ್ತಿ, "ನೀರು ಕುಡಿಸು, ನೆರಳಿನಲ್ಲಿ ಕೂಡಿಸು, ಗುಳಿಗೆ ಕೊಟ್ಟೆಯಾ?" ಎಂದು ಒಂದೇ ಸಮನೆ ಹೇಳುತ್ತಿದ್ದೆವು. ಪಕ್ಕದಲ್ಲಿದ್ದ ಮನೆಯಾಕೆ ನಮ್ಮ ಕೈಯನ್ನು ಮೈಕಿನಿಂದ ಬಿಡಿಸಿ, "ಮೊದಲ ಕೇಳ್ರಿ. ಹೇಳೋದು ಆಮ್ಯಾಲ" ಎಂದರು.

ಪರೀಕ್ಷೆ ಪಾಸಾದವರು ನಾವು. ಪಾಠ ಹೇಳಿದವರು ಅವರು! ಫೋನಿನ ಹಾಗಲ್ಲ ಈ ರೇಡಿಯೋ. ಗುಂಡಿ ಒತ್ತಿರುವಷ್ಟು ಹೊತ್ತು ನಾವು ಕಿವುಡರು. ಬಿಟ್ಟಾಗ ಮಾತ್ರ ಎದುರಿನವನ ಮಾತು ನಮ್ಮದಾಗುತ್ತದೆ. ಗುಂಡಿ ಬಿಟ್ಟೆವು. ಗದ್ದಲವನ್ನು ಅಡಗಿಸುವ ತಿರುಪನ್ನೂ ಪೂರ್ತಿ ಹಿಂದಕ್ಕೆ ತಿರುಗಿಸಿದೆವು, ಏಕೆಂದರೆ ಅದು ಗದ್ದಲದ ಜೊತೆಗೆ ಸಣ್ಣ ದನಿಯನ್ನೂ ನುಂಗಿಬಿಡುತ್ತದೆ. ಭುಸ್ಸೆನ್ನುವ ಸದ್ದಿನ ನಡುವೆ, ಬಾವಿಯ ತಳದಿಂದ ಬಂದಂತೆ, ಹುಡುಗನ ದನಿ ಕೇಳಿತು:

"ದೊಡ್ಡಪ್ಪ, ಪೆದ್ದಚೆರುವಿನ್ಯಾಗ ಅದೀವಿ. ಅಜ್ಜಾಗ ತಲಿ ತಿರುಗಿತ್ತು. ವೈದ್ಯರ ಶಿಬಿರದಾಗ ತೋರಿಸೀನಿ. ಬಿಸಿಲಿನಿಂದ ಆಗೇದ ಅಂದ್ರು. ಎದಿ ನೋವಿಲ್ಲ. ಈಗ ಮಲಗ್ಯಾನ. ಏನ್ ಮಾಡಲಿ?"

ನಮ್ಮ ನಾಲಿಗೆಯ ತುದಿಯಲ್ಲಿದ್ದದ್ದು "ಹಿಂದಕ್ಕೆ ಕರಕೊಂಡು ಹೋಗು" ಎಂಬ ಮಾತು. ಗುಂಡಿ ಒತ್ತಿದ ಬೆರಳು ಒಂದು ಕ್ಷಣ ತಡೆಯಿತು. ಕಾಕಾನನ್ನು ಕಣ್ಣಾರೆ ಕಂಡವರು ವೈದ್ಯರು, ನಾವಲ್ಲ. "ವೈದ್ಯರು ಮುಂದೆ ಹೋಗಬಹುದೆನ್ನುತ್ತಾರೋ ಕೇಳು. ಅಜ್ಜ ಎದ್ದ ಮೇಲೆ ಅವನನ್ನೂ ಕೇಳು" ಎಂದಷ್ಟೇ ಹೇಳಿ ಬಿಟ್ಟೆವು.

ಎರಡು ಗಂಟೆಗೆ ಉತ್ತರ ಬಂತು. ರಾತ್ರಿ ಅಲ್ಲೇ ಉಳಿಯಬೇಕು; ಬೆಳಗಿನ ತಂಪಿನಲ್ಲಿ, ಚೆನ್ನಾಗಿದ್ದರೆ ಮಾತ್ರ, ನಿಧಾನವಾಗಿ ಹೊರಡಬಹುದು ಎಂದಿದ್ದರು ವೈದ್ಯರು. ಹುಡುಗನ ಮಾತಿನ ಹಿಂದೆ ಇನ್ನೊಂದು ಒರಟು ದನಿ ಕೇಳುತ್ತಿತ್ತು: "ರೊಟ್ಟಿ, ಶೇಂಗಾ ಚಟ್ನಿ ತಂದಾರೇನ್ ಕೇಳೋ!" ಮನೆಯಾಕೆ ಕಣ್ಣೊರೆಸಿಕೊಂಡು ನಕ್ಕರು. ರೊಟ್ಟಿಯ ಗಂಟು ಜೀಪಿನ ಹಿಂದೆಯೇ ಇತ್ತು.

ಮರುದಿನ ಬೆಳಗಿನ ಐದಕ್ಕೆ "ಹೊಂಟೀವಿ" ಎಂಬ ಸುದ್ದಿ ಬಂತು. ಆಮೇಲೆ ಮೌನ. ಭೀಮುನಿಕೊಲನು ಆಳವಾದ ಕಣಿವೆ. ಅಲ್ಲಿಂದ ಯಾವ ದನಿಯೂ ಮೇಲೆ ಬರಲಾರದೆಂದು ನಮಗೆ ಗೊತ್ತಿತ್ತು. ಗೊತ್ತಿದ್ದರೆ ಧೈರ್ಯ ಇರುತ್ತದೆಯೇ? ಎಂಟು, ಒಂಬತ್ತು, ಹತ್ತು. ಪ್ರತಿ ಗಂಟೆಗೂ ಒಮ್ಮೆ ಕರೆದು ಐದು ನಿಮಿಷ ಸುಮ್ಮನೆ ಕಿವಿಗೊಟ್ಟು ಕೂತೆವು. ಶಿಖರ ನೋಡಲು ಬಂದ ನಮ್ಮ ಕಡೆಯ ಜನ ಜೀಪಿನ ಸುತ್ತ ನೆರೆದರು. "ಏನ್ರಿ ಇದು?" ಎಂದವರಿಗೆ ಮನೆಯಾಕೆ ವಿಷಯ ಹೇಳಿದರು. ಅವರೂ ನಮ್ಮೊಡನೆ ಮಾತು ನಿಲ್ಲಿಸಿ ಕಾದರು.

ಹನ್ನೊಂದಕ್ಕೆ ಸೆಟ್ಟಿನಿಂದ ಹುಡುಗನ ದನಿ ಪಕ್ಕದಲ್ಲೇ ನಿಂತಂತೆ ಸ್ಪಷ್ಟವಾಗಿ ಕೇಳಿತು: "ದೊಡ್ಡಪ್ಪ, ಮೆಟ್ಟಲಾ ಹತ್ತಿ ಕೈಲಾಸದ್ವಾರಕ್ಕ ಬಂದೀವಿ. ಅಜ್ಜ ನನಗಿಂತ ಮುಂದ ಅದಾನ!" ಸುತ್ತ ನಿಂತವರು ಮಲ್ಲಯ್ಯನ ಹೆಸರು ಹಿಡಿದು ಜಯಕಾರ ಹಾಕಿದರು. ನಾವು ಉತ್ತರ ಕೊಡಲು ಗುಂಡಿ ಒತ್ತುವುದನ್ನೇ ಮರೆತಿದ್ದೆವು.

ಸಂಜೆ ಕಾಕಾನನ್ನು ಶಿಖರಕ್ಕೆ ಕರೆದೊಯ್ದೆವು. ನಂದಿಯ ಕೋಡುಗಳ ನಡುವೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಕಂಡಿತೇನ್ರಿ?" ಎಂದೆವು. "ಇಲ್ಲಿ ನಿಂತರ ಯಾರಿಗೂ ಕಾಣ್ತೈತಿ. ಹತ್ತಬೇಕಷ್ಟ" ಎಂದರು. ಬಳಿಕ ಮಾಡಿನ ಮೇಲಿನ ಕಡ್ಡಿಯನ್ನು ಬೆರಳಿನಿಂದ ಮೀಟಿ, "ಈ ಕಡ್ಡಿಯಿಂದ ನನ್ನ ಕಾವಲು ಕಾದ್ಯಾ?" ಎಂದು ಗದರಿಸಿದರು. ಆದರೆ ಊಟದ ಹೊತ್ತಿನಲ್ಲಿ ಮನೆಯಾಕೆಯೊಡನೆ, "ನಿನ್ನಿ ಹಿಂದಕ್ಕ ಬಾ ಅಂತ ಅಂದಿದ್ದರ ನಾ ಜಗಳಾ ತಗೀತಿದ್ದೆ. ಕೇಳಿದ್ರಲ್ಲ, ಅದಕ್ಕ ಒಂದು ರಾತ್ರಿ ಮಲಗಿದೆ" ಎಂದರಂತೆ.

2025ರ ಯುಗಾದಿ ಮಾರ್ಚ್ 30ರಂದು ಬಂತು. ಕಾಕಾ ತಾವಾಗಿಯೇ, "ಈ ವರ್ಷ ನಾ ನಡಿಯಂಗಿಲ್ಲ. ಜೀಪಿನ್ಯಾಗ ಬರ್ತೀನಿ" ಎಂದರು. ಹುಡುಗ ಊರಿನ ಕಂಬಿಯ ಜೊತೆ ನಡೆದ. ನಾವು ಮತ್ತೆ ಶಿಖರದಲ್ಲಿ ನಿಂತೆವು. ಮೈಕು ಹಿಡಿದು ಮಾತಾಡಲು ಕಾಕಾಗೆ ಪರವಾನಗಿ ಇಲ್ಲ, ಕೇಳಲು ಅಡ್ಡಿಯಿಲ್ಲವಲ್ಲ! ಮುಂದಿನ ಸೀಟಿನಲ್ಲಿ ಕುಳಿತು, ಧ್ವನಿಪೆಟ್ಟಿಗೆಗೆ ಕಿವಿ ಹಚ್ಚಿ, ಹುಡುಗ ಹೇಳಿದ ಒಂದೊಂದು ಹೆಸರಿಗೂ ತಲೆದೂಗುತ್ತಿದ್ದರು. ನಾಗಲೂಟಿ. ಪೆದ್ದಚೆರುವು. ಭೀಮುನಿಕೊಲನಿನ ಮೌನ ಬಂದಾಗ ನಾವು ಚಡಪಡಿಸಿ ಮೈಕಿಗೆ ಕೈ ಹಾಕಿದೆವು. ಕಾಕಾ ನಮ್ಮ ಕೈ ಹಿಡಿದು ತಡೆದರು.

"ಸುಮ್ಮ ಕೂಡು. ಈಗ ಮೆಟ್ಟಲಾ ಹತ್ತಾಕತ್ತಾನ. ಹತ್ತಿದ ಮ್ಯಾಲ ಅವನ ಕರೀತಾನ."