ಅಬ್ಬಾನ ಜೀಪು

ದನದ ಕೊಟ್ಟಿಗೆಯಿಂದ ಜೀಪನ್ನು ಹೊರಗೆಳೆದ ದಿನ ಓಣಿಯ ಹುಡುಗರೆಲ್ಲ ಸೇರಿದ್ದರು. ನಾಲ್ಕೂ ಟೈರು ಕೂತುಹೋಗಿದ್ದವು. ಸೀಟಿನ ಒಳಗೆ ಇಲಿ ಮರಿ ಹಾಕಿತ್ತು. ಬಾನೆಟ್ಟಿನ ಮೇಲೆ ಇಪ್ಪತ್ತೈದು ವರ್ಷದ ಹೊಟ್ಟು, ದೂಳು, ಕೋಳಿಯ ಹಿಕ್ಕೆ. ಎದುರು ಮನೆಯ ಕಾಕಾ ಕಟ್ಟೆಯ ಮೇಲೆ ಕೂತೇ ಕೇಳಿದರು: "ಮಾಸ್ತರ, ಗುಜರಿಯವಗ ಎಷ್ಟಕ್ಕ ಕೊಟ್ರಿ?" ಕೊಡುತ್ತಿಲ್ಲ, ರಿಪೇರಿ ಮಾಡಿಸುತ್ತೇನೆ ಎಂದೆ. ಅವರು ಬೀಡಿ ಆರಿಸಿ ಒಳಗೆ ಹೋದರು. ರಿಟೈರ್ ಆದ ಮಾಸ್ತರರಿಗೆ ಹೀಗೆಲ್ಲ ಆಗುತ್ತದೆ ಎಂದು ಆಮೇಲೆ ಮಸೀದಿಯ ಮುಂದೆ ಹೇಳಿದರಂತೆ.

ನಾನು 2024ರಲ್ಲಿ ನಿವೃತ್ತನಾದೆ. ಕೈಗೆ ಬಂದ ಹಣದಲ್ಲಿ ಸ್ವಲ್ಪ ಭಾಗ ಈ ಜೀಪಿಗೆಂದು ತೆಗೆದಿಟ್ಟೆ. ಹೆಂಡತಿ ಒಂದು ವಾರ ಮಾತು ಬಿಟ್ಟಳು. ತಮ್ಮ ಫೋನಿನಲ್ಲಿ, "ಭಾಯ್, ಆ ಜೀಪು ನಿಮಗೆ ಆಗ್ತಿರಲೇ ಇಲ್ಲಲ್ಲ!" ಎಂದ. ಅವನು ಹೇಳಿದ್ದು ನಿಜ. ಆ ಜೀಪಿನ ಮೇಲೆ ನನಗೆ ನಲವತ್ತು ವರ್ಷದ ಸಿಟ್ಟಿತ್ತು.

ಅದು 1966ನೇ ಮಾಡೆಲ್ಲಿನ ಸಿಜೆ-3ಬಿ. ಅಬ್ಬಾ 1978ರಲ್ಲಿ ಸರಕಾರಿ ಹರಾಜಿನಲ್ಲಿ ಹಿಡಿದದ್ದು. ಆಗ ನಮ್ಮ ಶಹಾಪುರ, ಸುರಪುರ, ಯಾದಗಿರಿ ಎಲ್ಲವೂ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಮೇಲೆ ಈ ಕಡೆ ಎಂಜಿನಿಯರುಗಳು, ಓವರ್‌ಸಿಯರುಗಳು, ಅವರ ಜೀಪುಗಳು ಓಡಾಡುವುದು ಹೆಚ್ಚಾಯಿತು. ಕಾಲುವೆ ನಮ್ಮೂರಿಗೆ ಬರುವ ಮೊದಲೇ ಜೀಪು ಬಂದಿತ್ತು ಎಂದು ಅಬ್ಬಾ ನಗುತ್ತಿದ್ದರು.

ನಮ್ಮ ಎರೆಹೊಲದ ಸೀಮೆಯನ್ನು ಮಳೆಗಾಲದಲ್ಲಿ ನೋಡದವರಿಗೆ ನಾಲ್ಕು ಗಾಲಿಗೂ ಎಳೆತವಿರುವ ಗಾಡಿಯ ಬೆಲೆ ಗೊತ್ತಾಗುವುದಿಲ್ಲ. ಎರಡು ಹದ ಮಳೆಯಾದರೆ ಸಾಕು, ಎತ್ತಿನ ಬಂಡಿಯ ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಲಿ ಇದ್ದದ್ದಕ್ಕಿಂತ ದಪ್ಪವಾಗುತ್ತಿತ್ತು. ಬಸ್ಸು ಡಾಂಬರು ಬಿಟ್ಟು ಇಳಿಯುತ್ತಿರಲಿಲ್ಲ. ಆಗ ಅಬ್ಬಾ ಚಿಕ್ಕ ಲಿವರ್ ಎಳೆದು ಮುಂದಿನ ಗಾಲಿಗೂ ಶಕ್ತಿ ಕೊಟ್ಟು, ಲೋ ಗೇರಿಗೆ ಹಾಕಿ, ಎತ್ತು ನಡೆದ ಹಾಗೆ ನಿಧಾನ ನಡೆಸುತ್ತಿದ್ದರು. ಹುಣಸಗಿ, ಕೆಂಭಾವಿ, ಗೋಗಿ, ತಿಂಥಣಿ ಕಡೆಗೆಲ್ಲ ಅವರದೇ ಟ್ರಿಪ್ಪು. ಗೋಗಿಯ ಉರುಸು, ತಿಂಥಣಿ ಮೌನೇಶ್ವರರ ಜಾತ್ರೆ ಬಂತೆಂದರೆ ಮೂರು ದಿನ ಮನೆ ಮುಖ ನೋಡುತ್ತಿರಲಿಲ್ಲ. ಖಾಸಗಿ ನಂಬರಿನ ಜೀಪಿನಲ್ಲಿ ಬಾಡಿಗೆಗೆ ಜನರನ್ನು ಹೊರುವುದು ಕಾನೂನಿಗೆ ಸರಿಯಿರಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆಗ ಹಳ್ಳಿಗಳಿಗೆ ಬಸ್ಸಿರಲಿಲ್ಲ ಎಂಬುದೂ ಅಷ್ಟೇ ಸರಿ. ಈಗ ಆ ಕೆಲಸವನ್ನು ಟಂಟಂ, ಕ್ರೂಸರುಗಳು ಮಾಡುತ್ತಿವೆ.

ನನ್ನ ಸಿಟ್ಟು 1982ನೇ ಇಸವಿಯದು. ಪಿಯುಸಿ ಮುಗಿಸಿದ್ದೆ. ಗುಲ್ಬರ್ಗಾದಲ್ಲಿ ಡಿಪ್ಲೊಮಾ ಸೀಟು ಸಿಕ್ಕಿತ್ತು. ಫೀಸಿಗೆ, ರೂಮಿಗೆ ಎಂದು ಅಮ್ಮೀ ಎಮ್ಮೆ ಮಾರಿದ ದುಡ್ಡು ಪೆಟ್ಟಿಗೆಯಲ್ಲಿತ್ತು. ಅಬ್ಬಾ ಒಂದು ದಿನ ಆ ದುಡ್ಡನ್ನು ತೆಗೆದುಕೊಂಡು ಹೋಗಿ ಜೀಪಿನ ಪೆಟ್ರೋಲ್ ಎಂಜಿನ್ ಬಿಚ್ಚಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡು ಬಂದರು. ಯಾಕೆ ಎಂದು ಕೇಳಿದರೆ "ಡೀಸೆಲ್ ಸಸ್ತಾ ಅದ" ಎಂದರು. ಅಷ್ಟೇ. ನಾನು ಆ ವರ್ಷ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗಾಳಿಯ ತುಂಬ ಹಾರುವ ಅರಳೆ ಉಸಿರಾಡುತ್ತ ಕೂಲಿ ಮಾಡಿದೆ. ಆಮೇಲೆ ಟಿಸಿಎಚ್ ಮಾಡಿ 1987ರಲ್ಲಿ ಮಾಸ್ತರನಾದೆ. ಕೆಲಸ ಕೆಟ್ಟದ್ದೇನಲ್ಲ, ಆದರೆ ಎಂಜಿನಿಯರ್ ಆಗಬೇಕೆಂದಿದ್ದವನು ನಾನು. ಮಗನ ಓದಿಗಿಂತ ಡೀಸೆಲ್ಲಿನ ಉಳಿತಾಯ ದೊಡ್ಡದಾಯಿತು ಎಂಬ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಅಬ್ಬಾ 2003ರಲ್ಲಿ ತೀರಿಕೊಳ್ಳುವವರೆಗೂ ಅವರೊಂದಿಗೆ ಆ ವಿಷಯ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಹಾಗಾದರೆ ಈಗ ಯಾಕೆ ಜೀಪು? ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದವನು ಕೊಟ್ಟಿಗೆಯಲ್ಲಿ ಇಣುಕಿ ನೋಡಿ, "ಸರ್, ಇದು ವಿಂಟೇಜ್!" ಎಂದು ಕುಣಿದಾಡಿದ. ಅವನೇ ಹೇಳಿದ್ದು: 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೆ ಬೇರೆಯೇ ನಿಯಮ ಮಾಡಿದೆ. ಐವತ್ತು ವರ್ಷ ದಾಟಿದ ಗಾಡಿಗೆ 'ವಿಎ' ಎಂಬ ಅಕ್ಷರವಿರುವ ಬೇರೆ ನಂಬರು, ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ. ಆದರೆ ಒಂದು ಷರತ್ತು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು.

ಮೂಲ ಎಂಜಿನ್ ಎಲ್ಲಿಗೂ ಹೋಗಿರಲಿಲ್ಲ. ಅದೇ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ, 1982ರಿಂದ ಕೂತಿತ್ತು. ಅದನ್ನು ಮತ್ತೆ ಕೂರಿಸಿ ಅಬ್ಬಾ ಕೆಡಿಸಿದ್ದನ್ನು ನಾನು ಸರಿಮಾಡುತ್ತೇನೆ ಎಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಅನ್ನಿಸಿದ್ದು ಹಾಗೆಯೇ.

ಸುರಪುರದ ಮಿಸ್ತ್ರಿ ಚಾಚಾಗೆ ಎಪ್ಪತ್ತೆಂಟು ದಾಟಿದೆ. ಗ್ಯಾರೇಜು ಮಗನಿಗೆ ಬಿಟ್ಟಿದ್ದಾರೆ. ಜೀಪು ಎಂದ ಕೂಡಲೆ ಎದ್ದು ಚಪ್ಪಲಿ ಹುಡುಕಿದರು. ನಮ್ಮ ಅಂಗಳದ ಬೇವಿನ ಮರದ ಕೆಳಗೆ ಚಾಪೆ, ಅದರ ಮೇಲೆ ಸ್ಪ್ಯಾನರುಗಳು. ಕಣ್ಣು ಮಂಜಾಗಿದ್ದರೂ ಬೆರಳು ಮಂಜಾಗಿಲ್ಲ. ಬೋಲ್ಟಿನ ತಲೆ ಮುಟ್ಟಿ ಯಾವ ಸ್ಪ್ಯಾನರ್ ಬೇಕೆಂದು ಹೇಳುತ್ತಾರೆ. ಕೆಲಸದ ನಡುವೆ ಅವರು ಪಾಠ ಮಾಡುವುದನ್ನು ಕೇಳಿ, ಮೂವತ್ತೇಳು ವರ್ಷ ಪಾಠ ಮಾಡಿದ ನಾನು ತಲೆಬಾಗಿದ್ದೇನೆ.

ಈ ಮಾಡೆಲ್ಲಿನ ಬಾನೆಟ್ಟು ಯಾಕೆ ಅಷ್ಟು ಎತ್ತರ ಗೊತ್ತೇ? ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕದಲ್ಲಿದ್ದವು. ಎಂಜಿನ್ ಗಿಡ್ಡ, ಬಾನೆಟ್ಟೂ ಗಿಡ್ಡ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವನ್ನು ಮೇಲಿನ ಹೆಡ್ಡಿಗೆ ಒಯ್ದರು, ಹೊಗೆ ಬಿಡುವ ವಾಲ್ವು ಕೆಳಗೇ ಉಳಿಯಿತು. ಶಕ್ತಿ ಹೆಚ್ಚಾಯಿತು, ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನು ಏರಿಸಿದರು. ಅಮೆರಿಕದಲ್ಲಿ 1953ರಲ್ಲಿ ಬಂದ ಈ ಮಾಡೆಲ್ಲನ್ನು ಅಲ್ಲಿ ನಿಲ್ಲಿಸಿದ ಮೇಲೂ ನಮ್ಮ ಮಹೀಂದ್ರದವರು ದಶಕಗಟ್ಟಲೆ ಮಾಡುತ್ತ ಹೋದರು. ಈ ಕಂಪನಿಯ ಕತೆಯೂ ಸಣ್ಣದಲ್ಲ. 1945ರಲ್ಲಿ ಲುಧಿಯಾನದಲ್ಲಿ ಶುರುವಾದಾಗ ಅದರ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ಪಾಲುದಾರ ಮಲಿಕ್ ಗುಲಾಮ್ ಮುಹಮ್ಮದ್ ದೇಶವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಎರಡೂ 'ಎಂ' ಹಾಗೆಯೇ ಉಳಿದವು. ಈ ಕತೆ ಹೇಳಿದಾಗ ಮಿಸ್ತ್ರಿ ಚಾಚಾ, "ಹಂಗಾರ ಅರ್ಧಾ ಜೀಪು ನಂದೇ ಆತು, ಬಿಲ್ಲಿನಾಗ ಅರ್ಧಾ ಕಡಿಮಿ ಮಾಡಂಗಿಲ್ಲ ಮತ್ತ" ಎಂದರು.

ಹಳೆಯ ಪೆಟ್ರೋಲ್ ಎಂಜಿನ್ ಜಾಮಾಗಿತ್ತು. ಪ್ಲಗ್ಗಿನ ತೂತುಗಳಲ್ಲಿ ಡೀಸೆಲ್ಲು, ಆಯಿಲ್ ಬೆರೆಸಿ ಸುರಿದು ಹದಿನೈದು ದಿನ ಬಿಟ್ಟೆವು. ದಿನಾ ಒಮ್ಮೆ ಕ್ರ್ಯಾಂಕ್ ಅಲ್ಲಾಡಿಸಿ ನೋಡುವುದು. ಹದಿನಾರನೆಯ ದಿನ ಬೆರಳಗಲ ತಿರುಗಿತು. ನನಗೆ ಹಬ್ಬ. ಹೆಡ್ ಬಿಚ್ಚಿದೆವು. ಚಾಚಾ ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆಸಿ, ಒಣಗಿಸಿ, ಸೀಮೆಎಣ್ಣೆ ಹಚ್ಚಿಸಿದರು. ಅರ್ಧ ಗಂಟೆ ಬಿಟ್ಟು ಚೆನ್ನಾಗಿ ಒರೆಸಿ, "ಮಾಸ್ತರ, ನಿಮ್ಮ ಖಡು ತರ್ರಿ" ಎಂದರು. ಸುಣ್ಣದ ಖಡು ಪುಡಿಮಾಡಿ ಉದುರಿಸಿದೆ. ಸ್ವಲ್ಪ ಹೊತ್ತಿಗೆ ಆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಮೂರನೆಯ ಸಿಲಿಂಡರಿನ ಹೊಗೆ ವಾಲ್ವಿನ ಸೀಟಿನಿಂದ ಸಿಲಿಂಡರಿನ ಗೋಡೆಯವರೆಗೆ. ಬಿರುಕಿನ ಒಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಬಂದು ತನ್ನ ಜಾಗ ತಾನೇ ತೋರಿಸಿತ್ತು. ಎರಡನೆಯ ಸಿಲಿಂಡರಿನಲ್ಲಿ ಇನ್ನೊಂದು.

ಇಷ್ಟು ವರ್ಷ ಇಟ್ಟಿದ್ದಕ್ಕೆ ಒಡೆಯಿತೇ ಎಂದೆ. ಚಾಚಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಟ್ಟದ್ದಕ್ಕ ಒಡಿಯಂಗಿಲ್ರಿ. ಇದು ನೀರಿಲ್ದ ಓಡಿದ ಎಂಜಿನ್" ಎಂದರು.

ಅವರು ಹೇಳಿದ್ದು ಇಷ್ಟು. 1982ರ ಬೇಸಿಗೆ. ಮದುವೆ ಸೀಜನ್ನು. ಅಬ್ಬಾ ಒಂದೇ ದಿನಕ್ಕೆ ಎರಡು ದಿಬ್ಬಣ ಒಪ್ಪಿಕೊಂಡಿದ್ದರು. ತಿಂಥಣಿ ಸೇತುವೆ ದಾಟಿ ಸುರಪುರದ ಕಡೆ ಬರುವಾಗ ರೇಡಿಯೇಟರಿನ ಪೈಪು ಸೀಳಿ ನೀರೆಲ್ಲ ಹೋಗಿದೆ. ಮೀಟರಿನ ಮುಳ್ಳು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ವಾಸನೆ ಬಂದಿದೆ. ನಿಲ್ಲಿಸಿದರೆ ಎರಡನೆಯ ದಿಬ್ಬಣ ತಪ್ಪುತ್ತದೆ ಎಂದು ಓಡಿಸಿದ್ದಾರೆ. ಸುರಪುರದ ಗುಡ್ಡ ಕಾಣುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡು ನಿಂತಿತು. ಕಾಯ್ದ ಬ್ಲಾಕಿಗೆ ಯಾರೋ ಪುಣ್ಯಾತ್ಮರು ತಣ್ಣೀರು ಸುರಿದರು. ಉಳಿದದ್ದೂ ಮುಗಿಯಿತು. "ನಿಮ್ಮ ಅಬ್ಬಾ ನನ್ನ ಕೈ ಹಿಡದು, ಯಾರಿಗೂ ಹೇಳಬ್ಯಾಡ ಅಂದ್ರು. ನೀರು ನೋಡ್ಲಾರದ ಡ್ರೈವರಗ ಬಾಡಿಗಿ ಯಾರು ಕೊಡ್ತಾರ? ಡೀಸೆಲ್ ಸಸ್ತಾ ಅಂತ ಬದಲಿ ಮಾಡಿಸ್ದೆ ಅಂತ ಹೇಳ್ತೀನಿ ಅಂದ್ರು. ಹೇಳೀನಂದ್ರ ಇವತ್ತೇ ಹೇಳೀನಿ."

ಅಮ್ಮೀ ಒಳಗೆ ಮಂಚದ ಮೇಲೆ ಕೂತು ತಸ್ಬೀಹ್ ಎಣಿಸುತ್ತಿದ್ದಳು. ಹೋಗಿ ಕೇಳಿದೆ. ನಿನಗೆ ಗೊತ್ತಿತ್ತೇ ಎಂದು. ಗೊತ್ತಿತ್ತು ಎಂದಳು. ಮತ್ತೆ ನನಗೇಕೆ ಹೇಳಲಿಲ್ಲ? "ತೂ ಕಬ್ ಪೂಛ್ಯಾ?" ನೀನು ಯಾವಾಗ ಕೇಳಿದೆ, ಎಂದು ನನ್ನನ್ನೇ ನೋಡಿದಳು.

ಎರಕದ ಬ್ಲಾಕಿನ ಬಿರುಕನ್ನು ಹೊಲಿಗೆ ಹಾಕಿದ ಹಾಗೆ ಕೂಡಿಸುವವರು ದೊಡ್ಡ ಊರುಗಳಲ್ಲಿದ್ದಾರೆ. ಆದರೆ ವಾಲ್ವ್ ಸೀಟಿನ ಹತ್ತಿರದ ಬಿರುಕು ಕಾಯ್ದಾಗ ಮತ್ತೆ ಬಾಯಿ ಬಿಡಬಹುದು ಎಂದು ಚಾಚಾ ಹೇಳಿದರು. ಬೆಂಗಳೂರಿನ ಹುಡುಗ ಹಳೆಯ ಜೀಪುಗಳಿಗೆ ಹೆಸರಾದ ಮಂಡಿ ಡಬ್ವಾಲಿಯಿಂದ ಬೇರೆ ಎಂಜಿನ್ ತರಿಸುತ್ತೇನೆ ಎಂದ. ಬೇಡ ಎಂದೆ. ಜೀಪಿನಲ್ಲಿ ಇರುವ ಡೀಸೆಲ್ ಎಂಜಿನ್ನೇ ಇರಲಿ. ವಿಂಟೇಜ್ ನಂಬರಿನ ಆಸೆ ಅಲ್ಲಿಗೆ ಬಿಟ್ಟೆ. ಆ ಎಂಜಿನ್ನು ನಮ್ಮ ರೈತರಿಗೆಲ್ಲ ಪರಿಚಯದ್ದೇ. ಟ್ರ್ಯಾಕ್ಟರಿಗೆ ಹಾಕುತ್ತಿದ್ದ ಇಂಟರ್‌ನ್ಯಾಷನಲ್ ಬಿ-275ರ ತಳಿ. ಹಳೆಯ ಗೇರ್‌ಬಾಕ್ಸಿಗೂ ಅದಕ್ಕೂ ನಡುವೆ ಕೂರಿಸಿದ ದಪ್ಪ ತಗಡಿನ ಮೇಲೆ ಉಳಿ ಹೊಡೆದ ಗುರುತುಗಳಿದ್ದವು. ಅವು ತನ್ನವೇ ಎಂದು ಚಾಚಾ ಮುಟ್ಟಿ ಹೇಳಿದರು.

ಟಿಂಕರಿಂಗ್, ಪುಟ್ಟಿ, ಬಣ್ಣ, ವೈರಿಂಗ್, ಬ್ರೇಕು, ಟೈರು ಎಲ್ಲಕ್ಕೂ ನಾಲ್ಕು ತಿಂಗಳು ಹಿಡಿಯಿತು. ಅದನ್ನು ವಿವರಿಸುವುದಿಲ್ಲ, ದುಡ್ಡು ಕೊಟ್ಟರೆ ಆಗುವ ಕೆಲಸ. ಆಟ ಆಡಿಸಿದವು ಎರಡು ಹಠಮಾರಿ ರೋಗಗಳು.

ಮೊದಲನೆಯದು, ಬೆಳಗ್ಗೆ ಸ್ಟಾರ್ಟ್ ಆಗದಿರುವುದು. ಸಂಜೆ ಚೆನ್ನಾಗಿ ಓಡಿ ಬಂದು ನಿಂತ ಜೀಪು ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೂತರೂ ಕೆಮ್ಮುತ್ತಿರಲಿಲ್ಲ. ಹೀಟರ್ ಬದಲಿಸಿದೆ. ನೋಝಲ್ ತೋರಿಸಿದೆ. ಪಂಪನ್ನು ಬಿಚ್ಚಿ ದೊಡ್ಡ ಊರಿನ ಅಂಗಡಿಗೆ ಒಯ್ದರೆ ಅವರು ಒಳಗಿನದೆಲ್ಲ ಹೊಸದು ಹಾಕಿ ಹನ್ನೆರಡು ಸಾವಿರ ಇಸಿದುಕೊಂಡರು. ಮರುದಿನ ಬೆಳಗ್ಗೆ ಮತ್ತದೇ. ಚಾಚಾನ ಮೊಮ್ಮಗ, ಐಟಿಐ ಓದುವ ಹುಡುಗ, ಡೀಸೆಲ್ ಲೈನಿನ ನಡುವೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿದ. ಬೆಳಗ್ಗೆ ನೋಡಿದರೆ ಪೈಪು ಖಾಲಿ! ರಾತ್ರಿಯೆಲ್ಲ ಎಲ್ಲಿಂದಲೋ ಗಾಳಿ ಎಳೆದುಕೊಂಡು ಡೀಸೆಲ್ಲು ಟ್ಯಾಂಕಿಗೆ ವಾಪಸ್ಸು ಇಳಿಯುತ್ತಿತ್ತು. ಡೀಸೆಲ್ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಒಂದೊಂದೇ ಜಾಯಿಂಟು ಬಿಚ್ಚಿ ಹುಡುಕಿದರೆ ಫಿಲ್ಟರಿನ ಮೇಲಿನ ತಾಮ್ರದ ವಾಷರು ಬಿರುಸಾಗಿ ಕೂತಿತ್ತು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ಕಬ್ಬಿಣವಾದರೆ ಹೀಗೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಅದೇ ವಾಷರು ಮತ್ತೆ ಹಾಕಿದ ಮೇಲೆ ಇವತ್ತಿನವರೆಗೆ ಒಂದೇ ಸೆಲ್ಫಿಗೆ ಏಳುತ್ತದೆ.

ಎರಡನೆಯದು ಭಯದ್ದು. ನಲವತ್ತು ಕಿಲೋಮೀಟರ್ ವೇಗ ದಾಟಿ ಸಣ್ಣ ಗುಂಡಿ ಸಿಕ್ಕರೆ ಸಾಕು, ಮುಂದಿನ ಗಾಲಿಗಳೆರಡೂ ಹುಚ್ಚು ಹಿಡಿದ ಹಾಗೆ ಎಡಬಲಕ್ಕೆ ಬಡಿದುಕೊಳ್ಳುತ್ತಿದ್ದವು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತಿತ್ತು. ಶಹಾಪುರದಿಂದ ಯಾದಗಿರಿಗೆ ಹೋಗುವಾಗ ಭೀಮಾ ಸೇತುವೆಯ ಮೇಲೆ ಹೀಗಾಗಿ, ಹೆಂಡತಿ ಅಲ್ಲೇ ಇಳಿದು ಬಸ್ಸಿನಲ್ಲಿ ಮನೆಗೆ ಹೋದಳು. ಗಾಲಿ ಬ್ಯಾಲೆನ್ಸ್ ಮಾಡಿಸಿದೆ, ಸ್ಟೇರಿಂಗ್ ಬಾಕ್ಸ್ ಬಿಗಿ ಮಾಡಿಸಿದೆ, ರಾಡಿನ ತುದಿಗಳೆಲ್ಲ ಹೊಸವು. ಕಡೆಗೆ ಚಾಚಾ ಜಾಕ್ ಏರಿಸಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಕಿಂಗ್‌ಪಿನ್ನು! ಪೆಟ್ರೋಲ್ ಎಂಜಿನ್ನಿಗಿಂತ ಭಾರದ ಡೀಸೆಲ್ ಎಂಜಿನ್ನನ್ನು ಅಷ್ಟು ವರ್ಷ ಹೊತ್ತು ಬೇರಿಂಗು ಸವೆದಿತ್ತು. ಹೊಸ ಬೇರಿಂಗ್ ಹಾಕಿದರೂ ಅದರ ಮೇಲಿನ ತೆಳು ಪತ್ತಿಗಳ ಲೆಕ್ಕ ತಪ್ಪಿದರೆ ಪ್ರಯೋಜನವಿಲ್ಲ. ಸಡಿಲಾದರೆ ನಡುಗುತ್ತದೆ, ಬಿಗಿಯಾದರೆ ತಿರುಗುವುದಿಲ್ಲ. ಚಾಚಾ ಹತ್ತಿ ತೂಗುವ ಕೊಕ್ಕೆಯ ತಕ್ಕಡಿ ತರಿಸಿದರು. ಗಾಲಿ, ರಾಡು ಬಿಚ್ಚಿ, ಕೊಕ್ಕೆ ಸಿಕ್ಕಿಸಿ ಎಳೆದು ನೋಡುವುದು. ಎರಡು, ಎರಡೂವರೆ ಕಿಲೋ ಎಳೆತಕ್ಕೆ ತಿರುಗಬೇಕು. ಒಂದು ಪತ್ತಿ ತೆಗೆಯುವುದು, ಮತ್ತೆ ಎಳೆಯುವುದು. ಮಧ್ಯಾಹ್ನ ಶುರುವಾದದ್ದು ಮಗ್ರಿಬಿನ ಹೊತ್ತಿಗೆ ಮುಗಿಯಿತು. ತಕ್ಕಡಿಯ ಮುಳ್ಳು ಓದುವುದು ನನ್ನ ಕೆಲಸವಾಗಿತ್ತು. ಅವರಿಗೆ ಕಾಣುತ್ತಿರಲಿಲ್ಲ.

ನೋಂದಣಿಯ ಕೆಲಸ ಇನ್ನೂ ಮುಗಿದಿಲ್ಲ. ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳ ನವೀಕರಣದ ಶುಲ್ಕ 2025ರಲ್ಲಿ ಹತ್ತು ಸಾವಿರಕ್ಕೆ ಏರಿತು. ಅದರ ಮೇಲೆ ಹಳೆಯ ಬಾಕಿ ಬೇರೆ. ಒಂದು ಸಮಾಧಾನವೆಂದರೆ, ಅಬ್ಬಾ ಡೀಸೆಲ್ ಎಂಜಿನ್ನನ್ನು ಆಗಲೇ ಆರ್‌ಸಿ ಪುಸ್ತಕದಲ್ಲಿ ಬರೆಸಿಟ್ಟಿದ್ದಾರೆ. ಶಾಯಿ ಮಾಸಿದೆ, ಮೊಹರು ಇದೆ.

ಒಡೆದ ಬ್ಲಾಕು ಬೇವಿನ ಮರದ ಕೆಳಗೇ ಇದೆ. ಗುಜರಿಯವನು ಎರಡು ಸಲ ಕೇಳಿ ಹೋದ. ಜೀಪಿನ ಎರಡನೇ ಗೇರು ಮಾತ್ರ ಇಳಿಜಾರಿನಲ್ಲಿ ಈಗಲೂ ತಾನೇ ಜಿಗಿದು ನ್ಯೂಟ್ರಲ್ಲಿಗೆ ಬರುತ್ತದೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಮಳೆಗಾಲ ಕಳೆಯಲಿ ಎಂದಿದ್ದಾರೆ ಚಾಚಾ. ಅಲ್ಲಿಯವರೆಗೆ ಸುರಪುರದ ಗುಡ್ಡ ಇಳಿಯುವಾಗ ಅಬ್ಬಾ ಮಾಡುತ್ತಿದ್ದ ಹಾಗೆ ಎಡ ಮೊಣಕಾಲಿನಿಂದ ಗೇರಿನ ಕೋಲನ್ನು ಒತ್ತಿ ಹಿಡಿದುಕೊಳ್ಳುತ್ತೇನೆ.