ಸ್ಕಂದಗಿರಿಯ ಮೂರು ಕಾಲಿನ ಜೊತೆಗಾರ

ನಂದಿಬೆಟ್ಟ ಎಲ್ಲರಿಗೂ ಗೊತ್ತು. ಮೇಲಿನವರೆಗೂ ಕಾರಿನಲ್ಲೇ ಹೋಗಿ ಬೋಂಡಾ ತಿಂದು ಬರಬಹುದು. ಅದರ ನೆರೆಯಲ್ಲೇ, ಚಿಕ್ಕಬಳ್ಳಾಪುರದ ಮಗ್ಗುಲಿಗಿರುವ ಸ್ಕಂದಗಿರಿಗೆ ಮಾತ್ರ ಕಾಲೇ ಗತಿ. ಸುತ್ತಲಿನವರ ಬಾಯಲ್ಲಿ ಅದು ಕಳವಾರದ ಬೆಟ್ಟ. ಎತ್ತರ ಸುಮಾರು 1,450 ಮೀಟರು. ಹತ್ತಿ ಇಳಿಯುವುದು ಸೇರಿ 8 ಕಿ.ಮೀ.ನಷ್ಟು ನಡಿಗೆ. ಬುಡದ ಪಾಪಾಗ್ನಿ ಮಠದ ಕಡೆಯಿಂದ ಹೊರಟು, ಬಂಡೆಗಳ ನಡುವೆ ಏರಿ, ಮುರಿದ ಕೋಟೆಗೋಡೆ ದಾಟಿ ನಿಂತರೆ ಹತ್ತಿ ಹಿಂಜಿ ಹರಡಿದ ಹಾಗೆ ಮೋಡ. ಈಗ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಿಕೊಂಡು ಹೋಗಬೇಕು. ಸೀರೆ ಉಟ್ಟು ಹತ್ತುವ ಸಾಹಸ ಬೇಡ, ನೀರು ಮರೆಯಬೇಡಿ.

ಈ ಬೆಟ್ಟದಲ್ಲಿ ಕರೆಯದೆ ಜೊತೆಗೆ ಬರುವವು ನಾಯಿಗಳು. ನಮ್ಮೊಂದಿಗೆ ಬಂದ ಕಂದು ನಾಯಿಗೆ ಮುಂದಿನ ಎಡಗಾಲಿನ ಪಾದವೇ ಇರಲಿಲ್ಲ. ಮಣ್ಣುದಾರಿಯಲ್ಲಿ ಆ ಕಾಲನ್ನು ಮಡಚಿಕೊಂಡು ನಮಗಿಂತ ಚುರುಕಾಗಿಯೇ ಕುಪ್ಪಳಿಸಿತು. ಬಂಡೆ ಬಂದಾಗ ಮಾತ್ರ ಮೊಂಡುಕಾಲನ್ನು ಕಲ್ಲಿಗೆ ಊರಿತು. ತುದಿಯಲ್ಲಿ ಚರ್ಮ ಸುಲಿದು ಹಸಿಯಾಗಿತ್ತು. ಮುಂದಿದ್ದ ಹುಡುಗರು ಬಿಸ್ಕತ್ತು ತೋರಿಸಿ ಕರೆದರು. ಪಾಪ, ಅದು ಮತ್ತೂ ಹತ್ತಿತು. ನನ್ನ ಮಗಳು ಅಲ್ಲೇ ಕೂತುಬಿಟ್ಟಳು. “ಇದಕ್ಕೆ ಕೃತಕ ಕಾಲು ಹಾಕಿಸೋಕೆ ಆಗಲ್ವಾ ಅಮ್ಮ?”

ಯಾಕಾಗಬಾರದು? 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಜೈಪುರದ ಕಾಲು ತೊಟ್ಟು ಮತ್ತೆ ಭರತನಾಟ್ಯ ಮಾಡಿದ್ದು ನಿಮಗೆ ಗೊತ್ತೇ ಇದೆ. ಅದೇ ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ‘ಕೃಷ್ಣಾ ಲಿಂಬ್’ ಎಂಬ ಹೆಸರಿನಲ್ಲಿ ಹಸು-ಕರುಗಳಿಗೆ ಕೃತಕ ಕಾಲು ಮಾಡಿದ್ದಾರೆ. ನಾಯಿಗೂ ಮಾಡುತ್ತಾರೆ: ಉಳಿದ ಕಾಲಿಗೆ ಪ್ಲಾಸ್ಟರಿನಿಂದ ಅಚ್ಚು ತೆಗೆದು, ಅದರ ಅಳತೆಗೆ ಗಟ್ಟಿ ಪ್ಲಾಸ್ಟಿಕ್ಕಿನ ತೊಡಿಕೆ, ಒಳಗೆ ಮೆತ್ತೆ, ಹೊರಗೆ ಪಟ್ಟಿ, ಕೆಳಗೆ ರಬ್ಬರು.

ಆದರೆ ತೊಡಿಕೆಗೆ ಹಿಡಿತ ಸಿಗಲು ಕಾಲು ಸಾಕಷ್ಟು ಉದ್ದ ಉಳಿದಿರಬೇಕು. ಭುಜದ ಹತ್ತಿರದಿಂದಲೇ ತೆಗೆದುಬಿಟ್ಟರೆ ಕಟ್ಟುವುದೆಲ್ಲಿಗೆ? ಆದ್ದರಿಂದ ನಿಮ್ಮ ಮನೆ ನಾಯಿಗೆ ಅಂಥ ಗತಿ ಬಂದರೆ ಆಪರೇಷನ್ನಿಗೆ ಮುಂಚೆಯೇ ಡಾಕ್ಟರನ್ನು ಕೇಳಿ. ನಾಯಿಯ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಬೀಳುತ್ತದೆ. ಅಂಗಾಲಿನ ದಪ್ಪ ಮೆತ್ತೆ ಹೋದ ಮೇಲೆ ಮೊಂಡುಕಾಲಿನ ತೆಳು ಚರ್ಮ ಆ ಭಾರ ತಡೆಯುವುದಿಲ್ಲ. ಇತ್ತ ಇನ್ನೊಂದು ಮುಂಗಾಲೂ ಸವೆಯುತ್ತದೆ. ಹಾಗಂತ ಮೂರು ಕಾಲಿನಲ್ಲಿ ಸುಖವಾಗಿ ಬಾಳುವ ನಾಯಿಗಳೇನೂ ಕಡಿಮೆಯಿಲ್ಲ, ಮೈ ಬರದಂತೆ ನೋಡಿಕೊಂಡರಾಯಿತು. ಬೆಂಗಳೂರಿನ ‘ಚಾರ್ಲೀಸ್’ ಪ್ರಾಣಿರಕ್ಷಣಾ ಕೇಂದ್ರಕ್ಕೆ ಹೆಸರು ಬಂದದ್ದೇ ಒಂದು ಮೂರು ಕಾಲಿನ ನಾಯಿಯಿಂದ.

ಬೆಟ್ಟ ಇಳಿದು ಬಂದಾಗ ಅದಕ್ಕೆ ದಿನವೂ ಅನ್ನ ಹಾಕುವ ಟೀ ಅಂಗಡಿಯಾಕೆ ಸಿಕ್ಕರು. ಮಗಳು ಜೈಪುರದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಆಕೆ ಸಮಾಧಾನವಾಗಿ ಕೇಳಿ, “ಹಾಕ್ಸೋದೇನೋ ಸರಿ ಕಣವ್ವ. ರಾತ್ರಿ ಬಿಚ್ಚೋರ್ಯಾರು?” ಅಂದರು.

ಇಷ್ಟು ಸರಿಯಾದ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಕೃತಕ ಕಾಲನ್ನು ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಾಕಿ ಅಭ್ಯಾಸ ಮಾಡಿಸಬೇಕು. ಮಲಗುವಾಗ ಬಿಚ್ಚಿ, ಒರೆಸಿ, ಕೆಂಪಾಗಿದೆಯೇ ಎಂದು ನೋಡಬೇಕು. ಬಿಚ್ಚದೆ ಬಿಟ್ಟರೆ ಒಳಗೇ ಹುಣ್ಣು. ಬೀದಿಯ ನಾಯಿಗೆ ಅದು ಉಪಕಾರವಲ್ಲ, ಶಿಕ್ಷೆ. ನನ್ನ ಮಟ್ಟಿಗೆ ಹಣಕ್ಕಿಂತ ಇದೇ ದೊಡ್ಡ ಲೆಕ್ಕ.

ಅಚ್ಚು ತೆಗೆಯಬೇಕಾದರೂ ಮೊದಲು ಗಾಯ ಪೂರ್ತಿ ಮಾಯಬೇಕಲ್ಲ? ಪಶುವೈದ್ಯರನ್ನು ಕರೆಸಿ ಗಾಯಕ್ಕೆ ಔಷಧಿ ಮಾಡಿಸುವ ಖರ್ಚು ನಮ್ಮದು, ನೋಡಿಕೊಳ್ಳುವುದು ಆಕೆಯದು ಎಂದಾಯಿತು. ಕಾಲಿನ ಮಾತು ಆಮೇಲೆ, ಅದೂ ರಾತ್ರಿ ಬಿಚ್ಚುವ ಕೈ ಗೊತ್ತಾದರೆ.

“ವಾಸಿ ಆಗೋಗಂಟ ಕಟ್ಟಾಕ್ತೀನಿ ಬಿಡಿ,” ಅಂದರು ಆಕೆ, ಲೋಟ ತೊಳೆಯುತ್ತ. “ಬೆಟ್ಟಕ್ಕೆ ಬರೋರಿಗೆ ಮಾತ್ರ ಹೇಳಿ. ಬಿಸ್ಕತ್ತು ಹಾಕೋದಾದ್ರೆ ಇಲ್ಲೇ ಹಾಕ್ಲಿ, ಮೇಲಕ್ಕೆ ಕರ್ಕೊಂಡೋಗ್ಬೇಡ್ರಿ ಅಂತ.”