ಗುಬ್ಬಿ ಸತ್ತ ಪೆಟ್ಟಿಗೆ

ಹಾಡುವ ಪೆಟ್ಟಿಗೆಯ ಅಂಗಾಂಗಗಳಿಗೆ ಹೆಸರಿಟ್ಟ ಇಂಗ್ಲಿಷಿನವರು ರಸಿಕರೇ ಇರಬೇಕು. ಹಳೆಯ ಸ್ಟೀರಿಯೋ ಪೆಟ್ಟಿಗೆಯ ಮುಂದಿನ ಬಟ್ಟೆಯನ್ನು ಬಿಚ್ಚಿ ನೋಡಿ. ಒಳಗೆ ಎರಡು ಪ್ರಾಣಿಗಳು ಕುಳಿತಿರುತ್ತವೆ. ಕೆಳಗಿನದು ಊಟದ ತಟ್ಟೆಯಷ್ಟು ಅಗಲ. ಮೃದಂಗದ ಗುಮುಕು, ಗಂಡಸರ ಗಂಟಲು, ತಂಬೂರಿಯ ಮಂದ್ರ ಎಲ್ಲವೂ ಅದರ ಪಾಲು. ನಾಯಿ ಬೊಗಳುವ ಸದ್ದಿನಿಂದ ಅದಕ್ಕೆ ವೂಫರ್ ಎಂಬ ಹೆಸರು. ಮೇಲಿನದು ಒಂದು ಅಂಗೈಯೊಳಗೆ ಅಡಗುವಂಥದು. ತಾಳದ ಝಣತ್ಕಾರ, ವೀಣೆಯ ತಂತಿಗೆ ಉಗುರು ತಾಗುವ ಸದ್ದು, ಹಾಡುವವರು ಉಸಿರೆಳೆದುಕೊಳ್ಳುವುದು—ಇವು ಅದರ ಕೆಲಸ. ಹಕ್ಕಿಯ ಚಿಲಿಪಿಲಿಯಿಂದ ಅದು ಟ್ವೀಟರ್. ಇದೇ ಚಿಲಿಪಿಲಿಯ ಹೆಸರಿನಲ್ಲಿ ಲೋಕದವರೆಲ್ಲ ಕೂಡಿ ಜಗಳವಾಡುವ ಜಗುಲಿಯೊಂದಿತ್ತು. 2023ರಲ್ಲಿ ಅದರ ಹೆಸರು ಬದಲಾಯಿತು. ನನ್ನ ಮಾತು ಆ ಹಕ್ಕಿಯದಲ್ಲ. ನಮ್ಮ ಮನೆಯಲ್ಲಿ ಇವೆರಡಕ್ಕೂ ನಾಯಿ, ಗುಬ್ಬಿ ಎಂದೇ ಹೆಸರು. ಪಾರಿಭಾಷಿಕ ಪದಕೋಶದ ಪಂಡಿತರು ಕ್ಷಮಿಸಬೇಕು.

ನಮ್ಮ ಎರಡು ಪೆಟ್ಟಿಗೆಗಳ ಗುಬ್ಬಿಗಳೂ ಸತ್ತದ್ದು ಹೊಳಲ್ಕೆರೆಯಲ್ಲಿ. ಅಕ್ಕನ ಮನೆಯ ಗೃಹಪ್ರವೇಶ. ಬೆಳಗ್ಗೆ ಬಯಲುಗಣಪನಿಗೆ ಕೈಮುಗಿದು ಬಂದ ಹುಡುಗರು ಸಂಜೆಗೆ ಆಂಪ್ಲಿಫೈಯರಿನ ತಿರುಪನ್ನು ಕೊನೆಮುಟ್ಟ ತಿರುಗಿಸಿ ಕುಣಿದರು. ಭಾವನವರು ಮರುದಿನ ಪೆಟ್ಟಿಗೆಗಳನ್ನು ಕಾರಿನಲ್ಲಿಟ್ಟು ಚಿತ್ರದುರ್ಗಕ್ಕೆ ಕಳಿಸುವಾಗ, "ಸ್ವಲ್ಪ ನೆಗಡಿಯಾದ ಹಾಗಿದೆ" ಎಂದರು. ನೆಗಡಿಯಲ್ಲ, ಮರಣ.

ದೊಡ್ಡ ಆಂಪ್ಲಿಫೈಯರು ಸಣ್ಣ ಸ್ಪೀಕರನ್ನು ಸುಡುತ್ತದೆ ಎಂದು ಜನ ನಂಬಿದ್ದಾರೆ. ಮನೆಗಳಲ್ಲಿ ಬಹುಮಟ್ಟಿಗೆ ನಡೆಯುವುದು ಇದರ ತಿರುವುಮುರುವು. ಹದಿನೈದು ಇಪ್ಪತ್ತು ವಾಟಿನ ಬಡಯಂತ್ರ ತನ್ನ ತ್ರಾಣಕ್ಕೆ ಮೀರಿ ಕೂಗಲು ಹೋದಾಗ, ಗುಂಡಗೆ ಏಳಬೇಕಾದ ಅಲೆಗಳ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಅಲೆಯ ಅಂಚುಗಳಿಂದ ಹಾಡಿನಲ್ಲಿ ಇಲ್ಲವೇ ಇಲ್ಲದ ಕೀರಲು ಸ್ವರಗಳು ಹುಟ್ಟುತ್ತವೆ. ಕೀರಲೆಲ್ಲ ಗುಬ್ಬಿಯ ಗೂಡಿಗೇ ಸಲ್ಲಬೇಕೆಂಬುದು ಪೆಟ್ಟಿಗೆಯೊಳಗಿನ ಕಟ್ಟಳೆ. ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಸುತ್ತಿದ ಕಾಯಿಲು ಎಷ್ಟೆಂದು ತಡೆದೀತು? ಕಾದು, ಕರಗಿ, ಹರಿಯುತ್ತದೆ. ಬಡವನ ಕೂಗಾಟದಲ್ಲಿ ಬಡವನ ಮನೆಯ ಚಿಕ್ಕದೇ ಮೊದಲು ಬಲಿ.

ಹೋಗಲಿ ಬಿಡಿ, ಹಳೆಯ ಡಬ್ಬ, ಹೊಸದು ತಂದರಾಯಿತು ಎಂದು ಮನೆಯಲ್ಲಿ ಮಾತು ಬಂತು. ಬರಬೇಕಾದ ಮಾತೇ. ಆದರೆ ನಮ್ಮಲ್ಲಿ ಒಂದು ಕ್ಯಾಸೆಟ್ಟಿದೆ. ಅಪ್ಪ ಹೊಸದುರ್ಗದಲ್ಲಿ ಮೇಷ್ಟರಾಗಿದ್ದರು. ಶ್ರಾವಣ ಬಂದರೆ ಸಂಜೆ ಕುಮಾರವ್ಯಾಸನನ್ನು ಗಮಕದಲ್ಲಿ ಓದುತ್ತಿದ್ದರು. 1988ರಲ್ಲಿ ಸೋದರಮಾವ ಅದನ್ನು ಒಂದು ಸಂಜೆ ಧ್ವನಿಮುದ್ರಿಸಿಕೊಂಡ. ಒಂದು ಗಂಟೆಯ ಕ್ಯಾಸೆಟ್ಟು. ಅಪ್ಪನ ದನಿ ಎಂಬುದು ಈಗ ಲೋಕದಲ್ಲಿರುವುದು ಅಷ್ಟೇ. ಅದನ್ನು ಅಪ್ಪನೇ ಕೊಂಡ ಈ ಪೆಟ್ಟಿಗೆಗಳಲ್ಲಿ ಕೇಳುವುದು ಅಮ್ಮನ ಭಾನುವಾರದ ವ್ರತ.

ಅಪ್ಪನಿಗೆ ಉಚ್ಚಾರಣೆಯ ವಿಷಯದಲ್ಲಿ ಕ್ಷಮೆಯೇ ಇರಲಿಲ್ಲ. ‘ಸಕಲ’ ಎಂದರೆ ಎಲ್ಲ, ‘ಶಕಲ’ ಎಂದರೆ ಚೂರು. ನಾಲಗೆ ಅರ್ಧ ಬೆರಳು ಜಾರಿದರೆ ಸರ್ವಸ್ವವೂ ಚೂರಾಯಿತಲ್ಲೋ ಎನ್ನುತ್ತಿದ್ದರು. ನಾನು ತರಗತಿಯಲ್ಲಿ ಮೂರು ಸಕಾರಗಳ ಪಾಠ ಹೇಳುವಾಗ ಈಗಲೂ ಇದನ್ನೇ ಹೇಳುವುದು. ಗುಬ್ಬಿಯಿಲ್ಲದ ಪೆಟ್ಟಿಗೆಯಲ್ಲಿ ಆ ಸಂಜೆ ಅಪ್ಪನ ಓದು ಹಾಕಿದೆ. ಕಂಬಳಿ ಹೊದ್ದು ಪಕ್ಕದ ಕೋಣೆಯಲ್ಲಿ ಓದಿದಂತಿತ್ತು. ಸ್ವರಗಳೆಲ್ಲ ಇದ್ದವು, ರಾಗವಿತ್ತು. ವ್ಯಂಜನಗಳೇ ಇರಲಿಲ್ಲ. ಸಕಾರದ ಕಸುವೆಲ್ಲ ಸೆಕೆಂಡಿಗೆ 4,000 ಕಂಪನಗಳಿಂದ ಮೇಲಕ್ಕೆ. ಶಕಾರ ಇನ್ನೂ ಸ್ವಲ್ಪ ಕೆಳಗಿನಿಂದಲೇ ಹೊರಡುತ್ತದೆ. ಅದು ಅರೆಜೀವವಾಗಿ ಉಳಿಯಿತು. ಹಳೆಯ ಟೆಲಿಫೋನು 3,400ರ ಮೇಲಿನದನ್ನು ಸಾಗಿಸುತ್ತಿರಲಿಲ್ಲ. ಅದಕ್ಕೇ ಹೆಸರು ಹೇಳುವಾಗ ‘ಸರಸ್ವತಿಯ ಸ’ ಎಂದು ಕಿರುಚಬೇಕಾಗುತ್ತಿತ್ತು. ಜೀವಮಾನವೆಲ್ಲ ಸಕಾರಕ್ಕಾಗಿ ಹೋರಾಡಿದವರ ಬಾಯಿಂದ ಸಕಾರವೇ ಹೋಗಿತ್ತು. ಹೊಸ ಪೆಟ್ಟಿಗೆಯಲ್ಲಿ ಕೇಳಬಹುದಿತ್ತು, ನಿಜ. ಆದರೆ ಅಮ್ಮನಿಗೆ ಆ ದನಿ ಬರಬೇಕಾದ್ದು ಆ ಪೆಟ್ಟಿಗೆಯಿಂದ.

ಹೊಳಲ್ಕೆರೆಯ ಮೈಕ್‌ಸೆಟ್ಟಿನ ಹುಡುಗನೊಬ್ಬ, ತಪ್ಪು ತಮ್ಮೂರಿನದೆಂಬ ದಾಕ್ಷಿಣ್ಯಕ್ಕೋ ಏನೋ, ಬಂದು ಎರಡು ಅಗ್ಗದ ಪೀಜೋ ಟ್ವೀಟರು ಕೂರಿಸಿದ. ಅದರಲ್ಲಿ ಕಾಯಿಲೂ ಇಲ್ಲ, ಅಯಸ್ಕಾಂತವೂ ಇಲ್ಲ. ವಿದ್ಯುತ್ತಿಗೆ ಮೈ ಕುಗ್ಗಿ ಹಿಗ್ಗುವ ಒಂದು ಬಿಲ್ಲೆ. ಮೆರವಣಿಗೆಗೆ ಸೊಗಸು. ಅಪ್ಪನ ಸಕಾರ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ ಚುಂಯ್ ಎಂದಿತು. ಅಮ್ಮ ಎದ್ದು ಅಡಿಗೆಮನೆಗೆ ಹೋದಳು.

ಕೊನೆಗೆ ಚಿತ್ರದುರ್ಗದ ಸಂತೆಪೇಟೆಯ ಹತ್ತಿರ ಒಬ್ಬ ಸಾಹೇಬರು ಸಿಕ್ಕರು. ಅಂಗಡಿಯೆಂದರೆ ಒಂದು ಮೇಜು, ಒಂದು ದೀಪ, ತಲೆಯವರೆಗೆ ಹಳೆಯ ರೇಡಿಯೋಗಳು. ಮೀಟರಿನ ಎರಡು ಕಡ್ಡಿ ಇಟ್ಟರು. ನಾಯಿಗಳೆರಡೂ ಆರು ಚಿಲ್ಲರೆ ಓಮು ತೋರಿಸಿದವು. ಗುಬ್ಬಿಗಳಿಗೆ ಮುಳ್ಳು ಅಲುಗಲೇ ಇಲ್ಲ.

"ಸತ್ತಾವೆ ಮೇಷ್ಟ್ರೇ. ಆದ್ರೆ ಹೆಂಗೆ ಸತ್ತಾವೆ ಅಂತ ನೋಡ್ಬೇಕು."

ಹೇಗೆ ಸತ್ತಿತೆಂಬುದರಲ್ಲೇ ಚಿಕಿತ್ಸೆಯೆಲ್ಲ ಇದೆಯೆಂದು ಅಂದು ತಿಳಿಯಿತು. ಒಂದರಲ್ಲಿ ಕಾಯಿಲು ಕೆಂಪಗೆ ಹೊಸದರಂತೆಯೇ ಇತ್ತು. ಅದರಿಂದ ಹೊರಗೆ ಬರುವ ಎಳೆ ಬೆಸುಗೆಯ ಬುಡದಲ್ಲಿ ತುಂಡಾಗಿತ್ತು. ಸಾಹೇಬರು ಭೂತಗನ್ನಡಿ ಹಿಡಿದು, ಎಳೆಯ ತುದಿಯ ಅರಗನ್ನು ಬ್ಲೇಡಿನಿಂದ ಹೆರೆದು, ಉಸಿರು ಬಿಗಿಹಿಡಿದು ಬೆಸೆದರು. ಮುಳ್ಳು ಎದ್ದಿತು. ಇನ್ನೊಂದನ್ನು ತೆರೆದಾಗ ಸುಟ್ಟ ವಾಸನೆ. ಕಾಯಿಲು ಕಪ್ಪಗೆ ಉಬ್ಬಿ ಅಯಸ್ಕಾಂತದ ಸಂದಿಗೆ ಕಚ್ಚಿಕೊಂಡಿತ್ತು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ತೋರಿಸಿಕೊಟ್ಟ ಉಪಾಯವೇ ಇಂದಿಗೂ ನಡೆಯುತ್ತಿರುವುದು: ಅಯಸ್ಕಾಂತದ ಕಿರುಸಂದಿಯಲ್ಲಿ ಎಲ್ಲಿಯೂ ತಾಗದಂತೆ ಓಲಾಡುವ ಕಾಯಿಲು. ತಾಗಿದರೆ ಕತೆ ಮುಗಿಯಿತು.

"ವೂಫರ್ ಆದ್ರೆ ನಾನೇ ಸುತ್ತತೀನಿ. ಇದರ ತಂತಿ ಕಣ್ಣಿಗೇ ಸಿಗಂಗಿಲ್ಲ. ಬೇರೆ ಕಂಪನೀದು ಹಾಕಿದ್ರೆ ಒಂದು ಕಿವೀಗೆ ಒಬ್ಬ ಮೇಷ್ಟ್ರು, ಇನ್ನೊಂದು ಕಿವೀಗೆ ಇನ್ನೊಬ್ಬ ಮೇಷ್ಟ್ರು ಆಗ್ತಾರೆ. ಇದರ ಅಣ್ಣತಮ್ಮ ಎಲ್ಲಾದ್ರೂ ಅದಾವೇನೋ ಹುಡುಕ್ರಿ."

ಅಣ್ಣತಮ್ಮಂದಿರು ಸಿಕ್ಕದ್ದು ಹಿರಿಯೂರಿನಲ್ಲಿ. ಹಿರಿಯೂರಿನವರು ಕಾಯುವುದರಲ್ಲಿ ಪಳಗಿದವರು: ಅವರ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಆ ಊರಿನಲ್ಲಿ ಯಾರೂ ಏನನ್ನೂ ಅಷ್ಟು ಸುಲಭವಾಗಿ ಎಸೆಯುವುದಿಲ್ಲವೆಂದು ನನ್ನ ಗುಮಾನಿ. ಸೋದರಮಾವನ ಗೆಳೆಯರೊಬ್ಬರ ಅಟ್ಟದಲ್ಲಿ ಅದೇ ಕಂಪನಿಯ, ಅದೇ ಮಾದರಿಯ ಜೋಡಿ ಇತ್ತು. ನಾಯಿಗಳ ಅಂಚಿನ ಸ್ಪಂಜು ವಯಸ್ಸಿಗೆ ಪುಡಿಪುಡಿಯಾಗಿ ಉದುರಿತ್ತು, ಗುಬ್ಬಿಗಳು ನೆಟ್ಟಗಿದ್ದವು. ಒಂದು ಸಾಕೆಂದೆ. "ಜೋಡಿ ಒಡೆಯಬಾರದಪ್ಪ" ಎಂದು ಎರಡನ್ನೂ ಬಿಚ್ಚಿಕೊಟ್ಟರು. ಹಣ ಮುಟ್ಟಲಿಲ್ಲ. "ನಿಮ್ಮ ತಂದೆಯವರ ಓದು ಒಂದು ಪ್ರತಿ ಮಾಡಿಕೊಡು, ಸಾಕು" ಎಂದರು.

ಸಾಹೇಬರು ಆ ಎರಡನ್ನೇ ಹಾಕಿದರು. ತಾವು ಬೆಸೆದದ್ದನ್ನು ಕಾಗದದಲ್ಲಿ ಸುತ್ತಿ, "ಆಪತ್ತಿಗೆ ಇರಲಿ" ಎಂದು ನನ್ನ ಜೇಬಿಗಿಟ್ಟರು. ಹಾಗೆಯೇ ಮಂದ್ರವನ್ನು ಗುಬ್ಬಿಯ ಹತ್ತಿರ ಬಿಡದೆ ಬಾಗಿಲು ಕಾಯುವ ಕಂಡೆನ್ಸರುಗಳನ್ನೂ ಬದಲಿಸಿದರು. 4.7 ಮೈಕ್ರೋಫ್ಯಾರಡಿನವು, ಎಂಟು ಓಮಿನ ಗುಬ್ಬಿಗೆ ಸುಮಾರು 4,200ರ ಕೆಳಗಿನದನ್ನೆಲ್ಲ ತಡೆಯುತ್ತ ಹೋಗುತ್ತವೆ. ಹಳೆಯವು ವಯಸ್ಸಾಗಿ ಕಾವಲು ಮರೆತಿದ್ದವು. ಟ್ವೀಟರು ಹಾಕಿ ಕಂಡೆನ್ಸರು ಬದಲಿಸದ ರಿಪೇರಿ, ಬಾಗಿಲಿಲ್ಲದ ಮನೆಗೆ ಬೀಗ ಹಾಕಿದ ಹಾಗೆ ಎಂಬುದು ಅವರ ಮತ, ಈಗ ನನ್ನದೂ. ಕೊನೆಗೆ ಆಂಪ್ಲಿಫೈಯರಿನ ತಿರುಪಿನ ಪಕ್ಕ, ಅರ್ಧಕ್ಕಿಂತ ಕೊಂಚ ಹಿಂದೆ, ಕೆಂಪು ಬಣ್ಣದ ಚುಕ್ಕೆಯೊಂದನ್ನು ಇಟ್ಟು, "ಇದನ್ನ ದಾಟಬ್ಯಾಡ್ರಿ" ಎಂದರು.

ಭಾನುವಾರ ಕ್ಯಾಸೆಟ್ಟು ಹಾಕಿದೆ. ಅಪ್ಪ ಗಂಟಲು ಸರಿಮಾಡಿಕೊಂಡದ್ದು, ಪುಟ ತಿರುವಿದ್ದು, ಭಾಮಿನಿಯ ಮೂರನೆಯ ಸಾಲಿಗೆ ಮುನ್ನ ಉಸಿರು ತೆಗೆದುಕೊಂಡದ್ದು ಎಲ್ಲವೂ ಕೇಳಿತು. ಸ ಸಕಾರವಾಗಿತ್ತು, ಶ ಶಕಾರವಾಗಿತ್ತು. ನಾನು ಅಮ್ಮನ ಮುಖ ನೋಡಿದೆ.

"ಹೇಗಿದೆಯಮ್ಮ?"

"ಹೇಗಿರುತ್ತೆ? ಮೊದಲು ಹೇಗಿತ್ತೋ ಹಾಗೇ ಇದೆ."

"ಗೃಹಪ್ರವೇಶದಿಂದ ಬಂದ ಮೇಲೆ ಸಕಾರವೇ ಕೇಳುತ್ತಿರಲಿಲ್ಲವಲ್ಲ?"

"ನಿನಗೆ ಕೇಳುತ್ತಿರಲಿಲ್ಲವೇನೋ. ಅವರು ಯಾವತ್ತು ಸಕಾರ ನುಂಗಿದ್ದರು?"

ಅಮ್ಮನಿಗೆ ಎಪ್ಪತ್ತೆಂಟು. ಮುಪ್ಪಿನಲ್ಲಿ ಕಿವಿ ಮೇಲಿನ ಸ್ವರಗಳನ್ನೇ ಮೊದಲು ಕಳೆದುಕೊಳ್ಳುತ್ತ ಬರುತ್ತದೆ. ಅವಳ ಕಿವಿಯ ಗುಬ್ಬಿಗಳು ಹಾರಿಹೋಗಿ ಎಷ್ಟು ವರ್ಷವಾಯಿತೋ. ಪೀಜೋದ ಚುಂಯ್ ಸಹಿಸದೆ ಎದ್ದುಹೋದವಳೆಂದುಕೊಂಡಿದ್ದೆ. ಕೇಳಿದರೆ, ಒಲೆಯ ಮೇಲೆ ಹಾಲಿತ್ತಂತೆ.

"ದನಿ ಸ್ವಲ್ಪ ಜೋರು ಮಾಡೋ" ಎಂದಳು. ತಿರುಪು ಆಗಲೇ ಕೆಂಪು ಚುಕ್ಕೆಯ ಮೇಲಿತ್ತು. ನಾನು ಅವಳ ಕುರ್ಚಿಯನ್ನು ಬಲಗಡೆಯ ಪೆಟ್ಟಿಗೆಯ ಹತ್ತಿರಕ್ಕೆ ಎಳೆದು ಕೂರಿಸಿದೆ.